‘ಹಳೇದಾಗ್ಯಾದ’ ಅನ್ನುವುದು ರೋಗದ ಹೆಸರಲ್ಲ

ನಮ್ಮ ಬೀದರ ಜಿಲ್ಲೆಯ ಯಾವುದೇ ಗ್ಯಾರೇಜಿನ ಮುಂದೆ ಅರ್ಧ ದಿನ ಕೂತರೆ ಒಂದು ಮಾತು ನಾಲ್ಕಾರು ಸಲವಾದರೂ ಕಿವಿಗೆ ಬೀಳುತ್ತದೆ: ‘ಗಾಡಿ ಹಳೇದಾಗ್ಯಾದ್ರಿ ಮಾಲಕ್ರೆ.’ ಹೇಳುವವನ ಮುಖದಲ್ಲಿ ದೊಡ್ಡ ಡಾಕ್ಟರನ ಗಾಂಭೀರ್ಯವಿರುತ್ತದೆ, ಕೇಳುವವನ ಮುಖದಲ್ಲಿ ಸೂತಕದ ಕಳೆ. ಆಮೇಲೆ ಏನು ಬಿಚ್ಚಿದರೂ, ಏನು ಬದಲಿಸಿದರೂ, ಬಿಲ್ಲು ಎಷ್ಟೇ ಆದರೂ ಮಾಲಕ ತಕರಾರು ತೆಗೆಯುವ ಹಾಗಿಲ್ಲ. ಗಾಡಿ ಹಳೆಯದು, ಅದಕ್ಕೆ ಯಾರೇನು ಮಾಡಲಾದೀತು?

ನನ್ನ ಜಗಳ ಈ ಮಾತಿನ ಜೊತೆಗೆ. ಹಳತು ಎನ್ನುವುದು ಗಾಡಿಯ ವಯಸ್ಸು. ವಯಸ್ಸನ್ನೇ ರೋಗವೆಂದು ಚೀಟಿ ಬರೆದುಕೊಡುವವನು ರೋಗ ಹುಡುಕುವ ಕೆಲಸದಿಂದ ತಾನು ಪಾರಾಗುತ್ತಾನೆ, ಅಷ್ಟೇ. ಈ ಪಾರಾಗುವ ಚಟ ಗ್ಯಾರೇಜಿನಲ್ಲಿ ಹುಟ್ಟಿದ್ದಲ್ಲ. ಅದು ನಮ್ಮೆಲ್ಲರ ಮನೆಯಲ್ಲಿದೆ, ಶಾಲೆಯಲ್ಲಿದೆ, ಕಚೇರಿಯಲ್ಲಿದೆ. ಗ್ಯಾರೇಜಿನಲ್ಲಿ ಅದು ಎಣ್ಣೆ ಮೆತ್ತಿಕೊಂಡು ಎದ್ದು ಕಾಣುತ್ತದೆ. ಈ ಮಾತಿಗೆ ನಾವು ತೆತ್ತ ಬೆಲೆಯನ್ನು ಲೆಕ್ಕ ಹಚ್ಚಿ ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮುಡಬಿಯಲ್ಲಿ ನಮ್ಮ ಅಣ್ಣನ ಹತ್ತಿರ ಒಂದು ಶಕ್ತಿಮಾನ್ ಇತ್ತು. ಆ ಹೆಸರು ಕೇಳಿದರೆ ಅನೇಕರಿಗೆ ದೂರದರ್ಶನದ ಧಾರಾವಾಹಿ ನೆನಪಾಗುತ್ತದೆ. ನಾನು ಹೇಳುತ್ತಿರುವುದು ಸೈನ್ಯದ ಲಾರಿ. ಜರ್ಮನಿಯ ಮಾನ್ ಕಂಪನಿಯ ಪರವಾನಗಿ ಪಡೆದು ಜಬಲಪುರದ ಗನ್ ಕ್ಯಾರೇಜ್ ಕಾರ್ಖಾನೆಯಲ್ಲಿ 1959ರಿಂದ ಅದನ್ನು ಕಟ್ಟತೊಡಗಿದರು. 1969ರಲ್ಲಿ ಅದೇ ಊರಿನಲ್ಲಿ ವಾಹನ ಕಾರ್ಖಾನೆ ಬೇರೆಯಾಗಿ ತಲೆಯೆತ್ತಿದ ಮೇಲೆ ಅಲ್ಲಿಂದ ಬರತೊಡಗಿತು. ಮುಂದಕ್ಕೆ ಚಾಚಿದ ಮೂತಿ, ಆರು ಸಿಲಿಂಡರಿನ ಡೀಸಲ್ ಎಂಜಿನ್, ಬೇಕೆಂದಾಗ ನಾಲ್ಕೂ ಗಾಲಿಗೆ ಸಿಗುವ ಎಳೆತ. 1971ರ ಯುದ್ಧ ಕಂಡ ಗಾಡಿ. 1990ರ ದಶಕದಲ್ಲಿ ತಯಾರಿಕೆ ನಿಂತಿತು. ಸೈನ್ಯ ತನ್ನ ಹಳೆಯ ಗಾಡಿಗಳನ್ನು ಹರಾಜಿಗಿಡುತ್ತದೆ, ವ್ಯಾಪಾರಿಗಳು ಸಗಟಾಗಿ ಎತ್ತುತ್ತಾರೆ, ಅವರಿಂದ ನಮ್ಮಂಥವರ ಕೈಗೆ ಬರುತ್ತದೆ. ಮಲೆನಾಡಿನ ಕೆಸರಿನಲ್ಲಿ ಮರದ ದಿಮ್ಮಿ ಎಳೆಯಲು ಈ ಮಿಲಿಟರಿ ಲಾರಿಗಳನ್ನು ಬಿಟ್ಟರೆ ಬೇರೆ ಗತಿಯಿರಲಿಲ್ಲ. ನಮ್ಮ ಕಡೆ ಕಲ್ಲಿನ ಖಣಿಗೆ, ಬೋರ್ ಹೊಡೆಯುವ ಯಂತ್ರಕ್ಕೆ, ನೀರಿನ ಟ್ಯಾಂಕರಿಗೆ ಒದಗಿದವು. ಮಳೆಗಾಲದ ಕರಿ ಮಣ್ಣಿನಲ್ಲಿ ಉಳಿದ ಲಾರಿಗಳು ಹೊಟ್ಟೆಯವರೆಗೆ ಹೂತು ನಿಂತಾಗ ಶಕ್ತಿಮಾನ್ ಗುರುಗುಟ್ಟುತ್ತಾ ಎದ್ದು ಬರುವುದನ್ನು ಕಂಡವರಿಗೆ ಅದರ ಬಗ್ಗೆ ಒಂದು ಭಕ್ತಿ.

ಅಣ್ಣ ಅದನ್ನು 1998ರಲ್ಲಿ ಕೊಂಡ. ಮೊದಲು ಕಲ್ಲು ಹೇರಿದ, ಆಮೇಲೆ ಕಬ್ಬು. ಕೊನೆಗೆ ಐದು ಸಾವಿರ ಲೀಟರಿನ ಟಾಕಿ ಕೂರಿಸಿ ನೀರು ಹೊಡೆಯತೊಡಗಿದ.

2016ರ ಬೇಸಿಗೆ ನಮ್ಮ ಭಾಗದವರು ಮರೆಯುವಂಥದಲ್ಲ. ಆ ಏಪ್ರಿಲಿನಲ್ಲೇ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ಬಂತು. ಲಾತೂರು ನಮಗೆ ದೂರದ ಊರಲ್ಲ, ಹೆಣ್ಣು ಕೊಟ್ಟು ತರುವ ನಂಟು. ಅಲ್ಲಿಗೆ ರೈಲಾದರೂ ಬಂತು. ನಮ್ಮ ಹಳ್ಳಿ, ತಾಂಡಾಗಳಿಗೆ ಬಂದದ್ದು ಟ್ಯಾಂಕರುಗಳೇ. ಕೊಡ ಸಾಲಿಟ್ಟು ಕೂತ ಹೆಂಗಸರು ಲಾರಿಯ ಸಪ್ಪಳ ಕೇಳಿ ಏಳುವುದು, ಸಪ್ಪಳ ಅರ್ಧದಾರಿಯಲ್ಲೇ ನಿಂತರೆ ಮತ್ತೆ ಕೂಡುವುದು. ನಮ್ಮ ಗಾಡಿ ಆ ವರ್ಷ ಮಾಡಿದ್ದು ಇದನ್ನೇ. ಫೆಬ್ರುವರಿ ಕೊನೆಯಿಂದ ದಾರಿಯಲ್ಲಿ ಬಂದ್ ಬೀಳತೊಡಗಿತು.

ಬಂದ್ ಬೀಳುವ ರೀತಿ ವಿಚಿತ್ರವಾಗಿತ್ತು. ಬೆಳಿಗ್ಗೆ ಒಂದೇ ಏಟಿಗೆ ಚಾಲೂ. ಊರ ಮುಂದೆ ನಿಲ್ಲಿಸಿ ಒಂದು ತಾಸು ಎಂಜಿನ್ ಓಡಿಸಿದರೂ ಕೆಮ್ಮುವುದಿಲ್ಲ. ತುಂಬಿದ ಟಾಕಿ ಹೊತ್ತು ಐದಾರು ಕಿಲೋಮೀಟರು ಹೋಗಿ ಏರಿಗೆ ಮೂತಿ ಹಚ್ಚಿದ ಕೂಡಲೇ ದಮ್ಮು ಹತ್ತಿದವರಂತೆ ಏದುಸಿರು ಬಿಟ್ಟು, ಎರಡು ಸಲ ಎದ್ದು ಕೂತು ಮಲಗಿಬಿಡುವುದು. ಕಾಲು ತಾಸು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಚಾಲೂ. ಡ್ರೈವರ್ ಚಾಚಾ ಇಪ್ಪತ್ತು ವರ್ಷ ಹೈವೇ ಕಂಡವರು. ‘ಡೀಸಲ್ ಫುಲ್ ಮಾಡಿಸಿದ ದಿನಾನೇ ಹೆಚ್ಚು ಕಾಡ್ತದ, ಆ ಬಂಕಿನ ಡೀಸಲೇ ಖರಾಬ್’ ಎಂದರು. ಬಂಕು ಬದಲಿಸಿದೆವು. ಗಾಡಿ ಬದಲಾಗಲಿಲ್ಲ.

ಮೊದಲ ಮಿಸ್ತ್ರಿ ಬಂದ. ‘ಏರ್ ತಗೊಂಡಾದ’ ಎಂದ. ಎರಡೂ ಫಿಲ್ಟರ್ ಬದಲಿಸಿ, ಸ್ಕ್ರೂ ಸಡಿಲಿಸಿ, ಹ್ಯಾಂಡ್ ಪಂಪು ಒತ್ತಿ ಗಾಳಿ ತೆಗೆದ. 1,200 ರೂಪಾಯಿ. ಗಾಡಿ ಚಾಲೂ ಆಯಿತು, ಆತ ಗೆದ್ದ. ಎರಡನೇ ದಿನ ಅದೇ ಏರು, ಅದೇ ದಮ್ಮು. ಎರಡನೆಯವನು ‘ಫೀಡ್ ಪಂಪು ಹೋಗ್ಯಾದ’ ಎಂದು ಹೊಸದು ಹಾಕಿದ. 3,500. ಮತ್ತೆ ಗೆಲುವು, ಮತ್ತೆ ಅದೇ ಕಥೆ.

ಮಾರ್ಚ್ ಕೊನೆಯ ವಾರ ತಾಂಡಾದ ಏರಿನಲ್ಲಿ ಐದು ಸಾವಿರ ಲೀಟರ್ ನೀರು ಹೊತ್ತ ಗಾಡಿ ನಿಂತಿತು. ನಿಂತದ್ದು ಹಿಂದಕ್ಕೆ ಜಾರಿತು. ಚಾಚಾ ಬ್ರೇಕು ತುಳಿದರು, ಹ್ಯಾಂಡ್ ಬ್ರೇಕು ಎಳೆದರು. ಅರ್ಧಂಬರ್ಧ ಹಿಡಿಯಿತು. ಟಾಕಿಯ ನೀರು ಹಿಂದಕ್ಕೆ ನುಗ್ಗಿ ಭಾರ ಹೆಚ್ಚಿತು. ಕ್ಲೀನರ್ ಹುಡುಗ, ಹತ್ತೊಂಬತ್ತರ ವಯಸ್ಸು, ಹಾರಿ ಇಳಿದು ಗಾಲಿಗೆ ಕಲ್ಲು ಕೊಟ್ಟ. ಕಲ್ಲು ಗಾಡಿಯನ್ನು ಹಿಡಿಯಿತು. ಕಲ್ಲಿನ ಜೊತೆಗೆ ಅವನ ಬಲಗೈಯ ಎರಡು ಬೆರಳೂ ಅಲ್ಲಿದ್ದವು.

ಇದಾದ ಮೇಲೆ ಅಣ್ಣ ಹೆದರಿದ. ಹೆದರಿದ ಮನುಷ್ಯ ಪ್ರಶ್ನೆ ಕೇಳುವುದಿಲ್ಲ, ದುಡ್ಡು ಎಣಿಸುತ್ತಾನೆ. ಮೂರನೆಯ ಗ್ಯಾರೇಜು ದೊಡ್ಡದು. ಅಲ್ಲಿ ಡೀಸಲ್ ಪಂಪು, ಆರೂ ನಾಜಲ್ ಇಳಿಸಿ ಕಲಕಿ ಕೂರಿಸಿ 22,000 ರೂಪಾಯಿ ತೆಗೆದುಕೊಂಡರು. ಇದೂ ಗೆದ್ದಿತು, ಎರಡು ದಿನ. ನಾಲ್ಕನೆಯ ಗ್ಯಾರೇಜಿನವರು ಬಾನೆಟ್ಟು ಕೂಡ ಎತ್ತಲಿಲ್ಲ. ದೂರದಿಂದ ನೋಡಿ ನಾನು ಮೊದಲೇ ಹೇಳಿದ ಆ ಮಾತು ಹೇಳಿದರು: ‘ಹಳೇದಾಗ್ಯಾದ್ರಿ. ಎಂಜಿನ್ನೇ ಬದಲಿಸ್ರಿ, ಇಲ್ಲಾ ಗುಜರಿಗೆ ಹಾಕ್ರಿ.’

ಲೆಕ್ಕದ ವಹಿ ಬರೆಯುತ್ತಿದ್ದವನು ನಾನು. ಒಟ್ಟು 26,700 ರೂಪಾಯಿ, ಮತ್ತು ಎರಡು ಬೆರಳು.

ಮೇ ತಿಂಗಳಲ್ಲಿ ಯಾರೋ ಹೇಳಿದರೆಂದು ಪಕ್ಕದ ಹಳ್ಳಿಯ ಫೌಜಿ ಕಾಕಾ ಅವರನ್ನು ಕರೆತಂದೆ. ಅವರು ಸೈನ್ಯದ ಇಎಂಇ ದಳದಲ್ಲಿದ್ದು ನಿವೃತ್ತರಾದವರು. ಗಾಡಿ, ರೇಡಿಯೊ, ತೋಪುಗಳ ರಿಪೇರಿಗೆಂದೇ 1943ರಲ್ಲಿ ಹುಟ್ಟಿದ ದಳ ಅದು. ಸಿಕಂದರಾಬಾದಿನಲ್ಲಿ ಅದರ ದೊಡ್ಡ ವಿದ್ಯಾಲಯವಿದೆ. ‘ಕರ್ಮ್ ಹೀ ಧರ್ಮ್’ ಎಂಬುದು ಅದರ ಘೋಷವಾಕ್ಯ. ಕಾಕಾ ಪಾನಾದ ಚೀಲ ಕೆಳಗಿಟ್ಟು ಅದನ್ನು ಬಿಚ್ಚಲೇ ಇಲ್ಲ. ಬೇವಿನ ನೆರಳಿನಲ್ಲಿ ಕೂತು ಚಹಾ ಕುಡಿಯುತ್ತಾ ಚಾಚಾ ಅವರನ್ನು ಪ್ರಶ್ನೆ ಕೇಳತೊಡಗಿದರು.

‘ಸ್ವಿಚ್ ಬಂದ್ ಮಾಡಿದಂಗ ಒಮ್ಮೆಲೇ ಸಾಯ್ತದೋ, ಒದ್ದಾಡಿ ಸಾಯ್ತದೋ?’

‘ಒದ್ದಾಡಿ.’

‘ಹೊಗಿ ಕರ್ರಗ ಬರ್ತದೇನು?’

‘ಇಲ್ಲ.’

‘ನಿಂತಲ್ಲೇ ಓಡಿಸಿದ್ರ?’

‘ದಿನಾ ಪೂರ್ತಿ ಓಡ್ತದ.’

‘ಬಂದ್ ಬಿದ್ದ ಮ್ಯಾಲ ಎಷ್ಟೊತ್ತಿಗಿ ಚಾಲೂ ಆಗ್ತದ?’

‘ಹದಿನೈದು ಮಿಂಟು.’

‘ಟಾಕಿ ತುಂಬಿದಾಗ ಹೆಚ್ಚೋ, ಅರ್ಧ ಇದ್ದಾಗ ಹೆಚ್ಚೋ?’

ಚಾಚಾ ಬೆರಗಾದರು. ಮೂರು ತಿಂಗಳಿಂದ ತಾವು ಹೇಳುತ್ತಿದ್ದ, ಯಾರೂ ಕಿವಿಗೆ ಹಾಕಿಕೊಳ್ಳದ ಮಾತನ್ನು ಒಬ್ಬ ಮಿಸ್ತ್ರಿ ತಾನಾಗಿ ಕೇಳುತ್ತಿದ್ದ. ‘ತುಂಬಿದಾಗ’ ಎಂದರು.

ಕಾಕಾ ಕೊನೆಯ ಪ್ರಶ್ನೆ ನಮ್ಮ ಕಡೆ ತಿರುಗಿ ಕೇಳಿದರು. ‘ಇದು ಶುರು ಆಗೂಕಿಂತ ಮೊದಲ ಈ ಗಾಡಿಗಿ ಏನರೆ ಮಾಡಿಸಿದ್ರೇನು? ಏನೇ ಇರ್ಲಿ, ಹೇಳ್ರಿ.’

ಅಣ್ಣ ಏನೂ ಇಲ್ಲವೆಂದ. ನಾನೂ ಇಲ್ಲವೆಂದೆ. ಆಮೇಲೆ ನನಗೇ ನೆನಪಾಯಿತು.

ಫೆಬ್ರುವರಿಯಲ್ಲಿ ಬಾವಿಯ ಹತ್ತಿರ ರಾತ್ರಿ ನಿಲ್ಲಿಸಿದ್ದ ಗಾಡಿಯಿಂದ ಯಾರೋ ಪೈಪು ಹಾಕಿ ಡೀಸಲ್ ಕದ್ದಿದ್ದರು. ಮುಚ್ಚಳಕ್ಕೆ ಕೀಲಿ ಹಾಕುವ ಹಾಗೆ ಮಾಡಿಸೋಣವೆಂದು ಬುದ್ಧಿ ಹೇಳಿದವನು ನಾನು. ವೆಲ್ಡಿಂಗ್ ಅಂಗಡಿಯಲ್ಲಿ ಪಟ್ಟಿ, ಕೊಂಡಿ ಬೆಸೆಯಿಸಿ ಹೊಸ ರಬ್ಬರ್ ವಾಷರ್ ಹಾಕಿಸಿದವನೂ ನಾನು. ಮುಚ್ಚಳದ ನೆತ್ತಿಯಲ್ಲಿ ಒಂದು ಸಣ್ಣ ತೂತು ಕಂಡು, ‘ಇದನ್ನೂ ಮುಚ್ಚಿಬಿಡಪ್ಪ, ಧೂಳು ಹೋಗ್ತದ’ ಎಂದವನೂ ನಾನೇ. ವೆಲ್ಡರ್ ಒಂದು ಚುಕ್ಕೆ ಇಟ್ಟು ಮುಚ್ಚಿದ್ದ. ಕೆಲಸ ಅಚ್ಚುಕಟ್ಟಾಗಿತ್ತು.

ಫೌಜಿ ಕಾಕಾ ನಗಲಿಲ್ಲ. ‘ನಡೀರಿ, ಏರಿಗಿ ಹೋಗೂಣು’ ಎಂದರು. ಡೀಸಲ್ ತುಂಬಿಸಿ, ನೀರು ತುಂಬಿಸಿ ತಾಂಡಾದ ಏರಿಗೆ ಹೋದೆವು. ಗಾಡಿ ಹೇಳಿಕೊಟ್ಟಂತೆ ಬಂದ್ ಬಿತ್ತು. ಕಾಕಾ ಮೊದಲು ಹಿಂದಿನ ಗಾಲಿಗಳಿಗೆ ಎರಡು ದೊಡ್ಡ ಕಲ್ಲು ಕೊಡಿಸಿದರು, ಕೈಯಿಂದಲ್ಲ, ಕಾಲಿನಿಂದ ನೂಕಿಸಿ. ಆಮೇಲೆ ಕೀಲಿ ತೆಗೆದು ಮುಚ್ಚಳವನ್ನು ಸಾವಕಾಶ ತಿರುಗಿಸಿದರು. ಸುಂಯ್ ಎಂದು ದೀರ್ಘವಾಗಿ ಸಪ್ಪಳವಾಯಿತು. ಟಾಕಿ ಉಸಿರೆಳೆದುಕೊಳ್ಳುತ್ತಿತ್ತು. ಹ್ಯಾಂಡ್ ಪಂಪು ನಾಲ್ಕು ಸಲ ಒತ್ತಿ ‘ಹೊಡೀರಿ’ ಎಂದರು. ಗಾಡಿ ಎದ್ದಿತು. ಮುಚ್ಚಳದ ಬಾಯಿಗೆ ಬಟ್ಟೆ ಸುತ್ತಿ ಏರು ಹತ್ತಿಸಿದೆವು. ನಡುವೆ ಒಂದು ಸಲವೂ ಕೆಮ್ಮಲಿಲ್ಲ.

ಇದರ ಮರ್ಮ ಅಡುಗೆಮನೆಯಲ್ಲಿದೆ. ಎಣ್ಣೆಯ ಡಬ್ಬಿಗೆ ಒಂದೇ ತೂತು ಹೊಡೆದರೆ ಎಣ್ಣೆ ಸಲೀಸಾಗಿ ಬರುವುದಿಲ್ಲ. ಎದುರಿಗೆ ಇನ್ನೊಂದು ತೂತು ಬೇಕು, ಹೋದ ಎಣ್ಣೆಯ ಜಾಗಕ್ಕೆ ಗಾಳಿ ಬರಲು. ನಮ್ಮ ಅಜ್ಜಿಗೆ ಇದು ಗೊತ್ತಿತ್ತು. ಡೀಸಲ್ ಟಾಕಿಗೂ ಅದೇ ನ್ಯಾಯ. ಎಂಜಿನ್ ಡೀಸಲ್ ಕುಡಿದಂತೆ ಟಾಕಿಯಲ್ಲಿ ಜಾಗ ಖಾಲಿಯಾಗುತ್ತದೆ. ಗಾಳಿ ಬರಲು ದಾರಿಯಿಲ್ಲದಿದ್ದರೆ ಒಳಗೆ ಸೆಳೆತ ಹುಟ್ಟಿ, ಫೀಡ್ ಪಂಪು ಎಷ್ಟು ಎಳೆದರೂ ಡೀಸಲ್ ಬರುವುದಿಲ್ಲ. ಟಾಕಿ ತುಂಬಿದ್ದರೆ ಮೇಲಿನ ಗಾಳಿಯ ಜಾಗ ಚಿಕ್ಕದು, ಎರಡು ಲೀಟರ್ ಹೋಗುವಷ್ಟರಲ್ಲೇ ಸೆಳೆತ ಬಲವಾಗುತ್ತದೆ. ಟಾಕಿ ಅರ್ಧ ಇದ್ದರೆ ಗಾಳಿ ಹೆಚ್ಚು, ಸೆಳೆತ ತಡವಾಗಿ ಬರುತ್ತದೆ. ನಿಂತಲ್ಲಿ ಓಡುವಾಗ ಎಂಜಿನ್ ಕುಡಿಯುವುದು ಗುಟುಕು ಗುಟುಕಾಗಿ. ಮುಚ್ಚಳದ ಸಂದಿಯಿಂದ ನುಸುಳುವ ಚೂರು ಗಾಳಿಯೇ ಅದಕ್ಕೆ ಸಾಕು. ಏರಿನಲ್ಲಿ ಗಟಗಟ ಕುಡಿಯುತ್ತದೆ, ಆ ಚೂರು ಸಾಲುವುದಿಲ್ಲ. ಬಂದ್ ಬಿದ್ದ ಮೇಲೆ ಕಾಲು ತಾಸಿನಲ್ಲಿ ಗಾಳಿ ನಿಧಾನ ಒಳಸೇರಿ ಸೆಳೆತ ಇಳಿಯುತ್ತದೆ, ಗಾಡಿ ಏಳುತ್ತದೆ. ನಮಗೆ ವಿಚಿತ್ರವಾಗಿ ಕಂಡದ್ದೆಲ್ಲ ಒಂದೇ ದಾರದಲ್ಲಿ ಪೋಣಿಸಿದ ಮಣಿಗಳಾಗಿದ್ದವು. ದಾರ ಹಿಡಿದು ಎಳೆಯುವವರು ಇರಲಿಲ್ಲ.

ಇನ್ನೊಂದು ಮಾತು. ಮೂವರೂ ಮಿಸ್ತ್ರಿಗಳು ಗಾಡಿಯನ್ನು ‘ಗೆಲ್ಲಿಸಿದ್ದರು’ ಎಂದೆನಲ್ಲ? ಮೂವರೂ ಕೆಲಸಕ್ಕೆ ಮುಂಚೆ ‘ಡೀಸಲ್ ಅದಾ ಇಲ್ಲ ನೋಡ್ರಿ’ ಎಂದು ಮುಚ್ಚಳ ತೆಗೆಸಿದ್ದರು! ರೋಗ ಆ ಗಳಿಗೆಯಲ್ಲೇ ವಾಸಿಯಾಗಿತ್ತು. ಆಮೇಲೆ ಬದಲಿಸಿದ್ದೆಲ್ಲ ಬಿಲ್ಲಿಗೆ. ಗ್ಯಾರೇಜಿನ ಅಂಗಳದಲ್ಲಿ ನಿಲ್ಲಿಸಿ ಓಡಿಸಿ ನೋಡಿದರೇ ಹೊರತು ಯಾರೂ ಏರಿಗೆ ಒಯ್ಯಲಿಲ್ಲ. ಜ್ವರ ರಾತ್ರಿ ಬರುವ ರೋಗಿಯನ್ನು ಮಧ್ಯಾಹ್ನ ನೋಡಿ ‘ನಿನಗೇನೂ ಆಗಿಲ್ಲ’ ಎಂದಂತಾಯಿತು.

ಎಲ್ಲ ಗಾಡಿಯೂ ಮುಚ್ಚಳದಿಂದಲೇ ನಿಲ್ಲುತ್ತದೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ನಾನೂ ಐದನೇ ಗ್ಯಾರೇಜು ತೆರೆದಂತೆ. ಕಾಕಾ ಆ ದಿನ ಹೇಳಿಕೊಟ್ಟ ಕ್ರಮವನ್ನು ನಾನು ವಹಿಯ ಕೊನೆಯ ಹಾಳೆಯಲ್ಲಿ ಬರೆದುಕೊಂಡೆ. ಮೊದಲು ಖರ್ಚಿಲ್ಲದ್ದು, ಆಮೇಲೆ ಚಿಲ್ಲರೆ ಖರ್ಚಿನದು, ಕಟ್ಟಕಡೆಗೆ ಪಂಪು. ಡೀಸಲ್ ಗಾಡಿ ಒದ್ದಾಡಿ ಸತ್ತರೆ ಬಹುತೇಕ ಡೀಸಲಿನ ದಾರಿಯಲ್ಲೇ ತಡೆ. ಕರಿ ಹೊಗೆ ಉಗುಳುತ್ತಾ ಸೋತರೆ ಗಾಳಿಯ ಫಿಲ್ಟರು ನೋಡಬೇಕು. ಎಣ್ಣೆ ತುಂಬಿದ ಹಳೆಯ ನಮೂನೆಯ ಫಿಲ್ಟರು ನಮ್ಮ ಧೂಳಿಗೆ ಬೇಗ ಕಟ್ಟುತ್ತದೆ. ಒಮ್ಮೆಲೇ ಸತ್ತರೆ ಎಂಜಿನ್ ನಿಲ್ಲಿಸುವ ತಂತಿ ಎಲ್ಲಾದರೂ ಸಿಕ್ಕಿಕೊಂಡು ಎಳೆಯುತ್ತಿದೆಯೇ, ಅದರ ಸ್ಪ್ರಿಂಗ್ ಇದೆಯೇ ನೋಡಬೇಕು. ಟಾಕಿಯಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಬಿರುಕಿದ್ದರೆ ಎಂಜಿನ್ ಓಡುವಾಗ ಡೀಸಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಸೇರುತ್ತದೆ. ಹಾಗಾಗಿ ಒಣಗಿದ ಪೈಪು ನೋಡಿ ‘ಸೋರ್ತಿಲ್ಲ’ ಎಂದು ನಂಬಬಾರದು. ನಡುವೆ ಒಂದು ತುಂಡು ಪಾರದರ್ಶಕ ಪೈಪು ಹಾಕಿದರೆ ಗುಳ್ಳೆಗಳು ಕಣ್ಣಿಗೇ ಕಾಣುತ್ತವೆ. ಹರಾಜಿನ ಗಾಡಿಗಳು ವರ್ಷಗಟ್ಟಲೆ ನಿಂತಿರುತ್ತವೆ. ಟಾಕಿಯೊಳಗೆ ನೀರು ಬೆವೆತು ತುಕ್ಕು ಹಿಡಿಯುತ್ತದೆ, ತುಕ್ಕಿನ ಸಿಪ್ಪೆ ಎದ್ದು ಎಳೆಯುವ ಪೈಪಿನ ಬಾಯಿಗೆ ಅಂಟುತ್ತದೆ. ಎಂಜಿನ್ ನಿಂತಾಗ ಸಿಪ್ಪೆ ಬಿಟ್ಟು ಕೆಳಗಿಳಿಯುತ್ತದೆ. ಲಕ್ಷಣ ಹೆಚ್ಚುಕಡಿಮೆ ನಮ್ಮ ಮುಚ್ಚಳದ್ದೇ. ಎರಡನ್ನೂ ಬೇರೆ ಮಾಡುವುದು ಆ ಸುಂಯ್ ಸಪ್ಪಳ.

ಇವೆಲ್ಲಕ್ಕಿಂತ ಸರಳ ಪರೀಕ್ಷೆ ಇನ್ನೊಂದಿದೆ. ಐದು ಲೀಟರಿನ ಸ್ವಚ್ಛ ಕ್ಯಾನಿನಲ್ಲಿ ಡೀಸಲ್ ತುಂಬಿ, ಬಿಸಿ ತಾಗದಂತೆ ಎಂಜಿನ್ನಿಗಿಂತ ಎತ್ತರದಲ್ಲಿ ಗಟ್ಟಿಯಾಗಿ ಕಟ್ಟಿ, ಫೀಡ್ ಪಂಪಿಗೆ ನೇರ ಪೈಪು ಕೊಡಬೇಕು. ಗಾಡಿ ಏರು ಹತ್ತಿದರೆ ತಪ್ಪು ಟಾಕಿ ಮತ್ತು ಪೈಪಿನದು. ಆಗಲೂ ನಿಂತರೆ ಮಾತ್ರ ಮುಂದಿನದಕ್ಕೆ ಕೈ ಹಾಕಬೇಕು. ಅರ್ಧ ತಾಸಿನ ಕೆಲಸದಲ್ಲಿ ಅರ್ಧ ಗಾಡಿ ನಿರಪರಾಧಿಯೆಂದು ಸಾಬೀತಾಗುತ್ತದೆ. ಪೆಟ್ರೋಲಿನ ಹಳೆಯ ಮಿಲಿಟರಿ ಗಾಡಿಗಳಾದ ಜೋಂಗಾ, ಒಂದು ಟನ್ನಿನ ನಿಸ್ಸಾನ್‌ಗಳ ಮಾತು ಸ್ವಲ್ಪ ಬೇರೆ. ಅಲ್ಲಿ ಬಂದ್ ಬಿದ್ದ ಗಳಿಗೆಯಲ್ಲೇ ಕಿಡಿ ಇದೆಯೇ, ಪೆಟ್ರೋಲ್ ಇದೆಯೇ ನೋಡಿಬಿಡಬೇಕು. ನಮ್ಮ ಮೇ ತಿಂಗಳ ಬಿಸಿಲಿಗೆ ಪೈಪಿನಲ್ಲೇ ಪೆಟ್ರೋಲ್ ಆವಿಯಾಗುವುದುಂಟು, ಕಾದ ಕಾಯಿಲ್ ಕೈಕೊಟ್ಟು ತಣ್ಣಗಾದ ಮೇಲೆ ಸರಿಯಾಗುವುದೂ ಉಂಟು. ತಣ್ಣಗಾಗುವವರೆಗೆ ಕಾದು ನೋಡಿದರೆ ಎರಡೂ ಸಾಧು ವೇಷ ಹಾಕಿರುತ್ತವೆ.

ಇದರಲ್ಲಿ ಯಾವುದಕ್ಕೂ ದೊಡ್ಡ ಯಂತ್ರ ಬೇಡ. ಬೇಕಾದದ್ದು ‘ಯಾವಾಗಿನಿಂದ, ಎಲ್ಲಿ, ಹೇಗೆ, ಅದಕ್ಕೆ ಮುಂಚೆ ಏನಾಯಿತು’ ಎಂದು ಕೇಳುವ ತಾಳ್ಮೆ. ಬೀದರಿನ ಬಿದರಿ ಕುಶಲಕರ್ಮಿ ಕಿಲ್ಲೆಯ ಮಣ್ಣನ್ನು ನಾಲಿಗೆಗಿಟ್ಟು ರುಚಿ ನೋಡಿಯೇ ಕೆಲಸಕ್ಕೆ ಬಳಸುತ್ತಾನೆ. ತಪ್ಪು ಮಣ್ಣಾದರೆ ಬಣ್ಣ ಕೂರುವುದಿಲ್ಲ. ಅಂಥ ನಾಲಿಗೆ ಇರುವ ಜಿಲ್ಲೆಯಲ್ಲಿ ಗಾಡಿಯ ಮುಚ್ಚಳ ತಿರುಗಿಸಿ ಕಿವಿಗೊಡುವ ಪುರುಸೊತ್ತಿಲ್ಲವೆಂದರೆ ನಾಚಿಕೆಯ ಮಾತು.

ಮುಂದೆ ಒಂದು ದಿನ, 22,000ದ ಗ್ಯಾರೇಜಿನ ಮಿಸ್ತ್ರಿ ಚಹಾದ ಅಂಗಡಿಯಲ್ಲಿ ಸಿಕ್ಕ. ಸಿಟ್ಟಿನಿಂದ ಎಲ್ಲ ಹೇಳಿದೆ. ಆತ ತಣ್ಣಗೆ ಕೇಳಿದ: ‘ಮಾಸ್ತರ್ರೇ, ಢಕ್ಕನ್ನಿಗಿ ತೂತು ಹೊಡೆದು ಕೊಟ್ಟಿದ್ರ ನೀವ್ ನನಗ ಎಷ್ಟು ಕೊಡ್ತಿದ್ರಿ?’

ನಾನು ಉತ್ತರಿಸಲಿಲ್ಲ. ಉತ್ತರ ವಹಿಯಲ್ಲಿತ್ತು. ಫೌಜಿ ಕಾಕಾ ಮುಚ್ಚಳಕ್ಕೆ ಸಣ್ಣ ತೂತು ಕೊರೆದು, ಧೂಳು ನೀರು ಬೀಳದಂತೆ ಬಾಯಿ ಕೆಳಗೆ ಬಾಗಿದ ತಾಮ್ರದ ನಳಿಗೆ ಬೆಸೆದು ಕೊಟ್ಟಾಗ ಅಣ್ಣ ಅವರಿಗೆ ಕೊಟ್ಟದ್ದು ನೂರು ರೂಪಾಯಿ. ಕಾಕಾ ಕೇಳಿದ್ದೂ ಅಷ್ಟೇ. ಆ ನೂರನ್ನು ಬರೆಯುವಾಗ ನನ್ನ ಕೈ ನಡುಗಲಿಲ್ಲ, ಅದು ಸಹಜವೆನಿಸಿತ್ತು. ಗೊತ್ತಿಲ್ಲದೆ ಬಿಚ್ಚಿದವರಿಗೆ 26,700, ಗೊತ್ತಿದ್ದು ಬಿಚ್ಚದವರಿಗೆ 100. ಸಾಮಾನಿಗೆ ದುಡ್ಡು ಕೊಡುತ್ತೇವೆ, ಯೋಚನೆಗೆ ಕೊಡುವುದಿಲ್ಲ. ಹೀಗಿರುವಾಗ ಯೋಚಿಸುವ ಮಿಸ್ತ್ರಿ ಯಾವ ಧೈರ್ಯದಲ್ಲಿ ಮಗನಿಗೆ ಈ ವಿದ್ಯೆ ಕಲಿಸಿಯಾನು? ಗ್ಯಾರೇಜಿನವರನ್ನು ಬಯ್ಯಲು ಹೊರಟ ನನ್ನ ಬಾಯಿ ಕಟ್ಟಿದ್ದು ಇಲ್ಲಿ. ಕಟ್ಟಿದ ಬಾಯಲ್ಲೇ ಹೇಳುತ್ತೇನೆ: ತಪ್ಪಿನ ಅರ್ಧ ಪಾಲು ಮಾಲಕರದು.

ನಾವು ಇರುವುದು ಕಲ್ಯಾಣದ ನೆರಳಿನಲ್ಲಿ. ಹನ್ನೆರಡನೇ ಶತಮಾನದಲ್ಲಿ ಇಲ್ಲಿ ಕಾಯಕದ ಮಾತು ಹುಟ್ಟಿತು. ಚಪ್ಪಲಿ ಹೊಲಿಯುವ ಹರಳಯ್ಯ, ಹಗ್ಗ ಹೊಸೆಯುವ ಚಂದಯ್ಯ, ದೋಣಿ ನಡೆಸುವ ಚೌಡಯ್ಯ ಶರಣರೆನಿಸಿಕೊಂಡರು. ಆ ಹೆಸರುಗಳನ್ನು ನಾವು ವೃತ್ತಗಳಿಗೆ ಇಟ್ಟಿದ್ದೇವೆ, ಭಾಷಣಕ್ಕೆ ಬಳಸುತ್ತೇವೆ. ಭಾಷಣ ಮುಗಿಸಿ ಬಂದು ಕೈಗೆ ಎಣ್ಣೆ ಹತ್ತಿದವನನ್ನು ಹೊಸ್ತಿಲ ಹೊರಗೇ ನಿಲ್ಲಿಸಿ ಚಹಾ ಕೊಡುತ್ತೇವೆ. ಕಾಯಕವೆಂದರೆ ಬರೀ ದುಡಿತವಾಗಿದ್ದರೆ ಎತ್ತಿಗಿಂತ ದೊಡ್ಡ ಶರಣ ಯಾರು? ಹರಳಯ್ಯ ಸವೆದ ಚಪ್ಪಲಿ ನೋಡಿ ಅದರ ಒಡೆಯ ಯಾವ ಕಾಲಿಗೆ ಭಾರ ಹಾಕಿ ನಡೆಯುತ್ತಾನೆಂದು ತಿಳಿದಿರಬೇಕು ಎಂದು ನಾನು ಊಹಿಸುತ್ತೇನೆ. ಹಾಗೆ ತಿಳಿಯುವುದೇ ಕಾಯಕದ ಒಳಗಿನ ಬೆಳಕು. ಅದನ್ನು ತೆಗೆದುಬಿಟ್ಟರೆ ಉಳಿಯುವುದು ಬಿಚ್ಚುವುದು, ಜೋಡಿಸುವುದು, ಬಿಲ್ಲು ಮಾಡುವುದು.

‘ಇವೆಲ್ಲ ಹಳೇ ಕಾಲದ ಗೋಳು, ಈಗಿನ ಗಾಡಿಗೆ ಕಂಪ್ಯೂಟರ್ ಹಚ್ಚಿದರೆ ಅದೇ ರೋಗ ಹೇಳುತ್ತದೆ’ ಎನ್ನುವವರಿದ್ದಾರೆ. ಕಂಪ್ಯೂಟರು ‘ಇಂಧನದ ಒತ್ತಡ ಕಡಿಮೆ’ ಎನ್ನುತ್ತದೆ. ಏಕೆ ಕಡಿಮೆ ಎಂದು ಹುಡುಕಬೇಕಾದವನು ಮನುಷ್ಯನೇ. ಹುಡುಕದಿದ್ದರೆ ಹಳೆಯ ಪಂಪಿನ ಬದಲು ದುಬಾರಿ ಹೊಸ ಪಂಪು ಹೋಗುತ್ತದೆ, ಅಷ್ಟೇ ಫರಕು.

ಸರಕಾರಕ್ಕೂ ಈ ಮಾತು ಪ್ರಿಯವೇ. 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ದಾಟಿದ ಸರಕಾರಿ ವಾಹನಗಳ ನೋಂದಣಿ ನವೀಕರಣ ನಿಂತಿದೆ. ದೇಶರಕ್ಷಣೆ, ಕಾನೂನು ಸುವ್ಯವಸ್ಥೆ, ಆಂತರಿಕ ಭದ್ರತೆಯ ವಿಶೇಷ ವಾಹನಗಳಿಗೆ ಮಾತ್ರ ವಿನಾಯಿತಿ. ಹೊಗೆ ಕಕ್ಕುವ, ಬ್ರೇಕು ಹಿಡಿಯದ ಗಾಡಿ ರಸ್ತೆಯಿಂದ ಹೋಗಲೇಬೇಕು. ಅದರಲ್ಲಿ ನನ್ನ ಎರಡನೇ ಮಾತಿಲ್ಲ. ನಮ್ಮ ಶಕ್ತಿಮಾನಿನ ಹ್ಯಾಂಡ್ ಬ್ರೇಕು ಸರಿಯಿದ್ದಿದ್ದರೆ ಆ ಹುಡುಗನ ಬೆರಳು ಉಳಿಯುತ್ತಿದ್ದವು. ಆದರೆ ಬ್ರೇಕು ಪರೀಕ್ಷಿಸಿ ತಳ್ಳುವುದು ಬೇರೆ, ಕ್ಯಾಲೆಂಡರು ನೋಡಿ ತಳ್ಳುವುದು ಬೇರೆ. ಮೊದಲನೆಯದರಲ್ಲಿ ಯಾರೋ ಒಬ್ಬ ಗಾಡಿಯ ಕೆಳಗೆ ತೂರಿ ನೋಡಬೇಕಾಗುತ್ತದೆ. ಹೊಸ ಗಾಡಿಯೂ ಬ್ರೇಕು ಕೆಟ್ಟರೆ ಜಾರುತ್ತದೆ.

ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನು ನಾನು. ಎಷ್ಟು ಹುಡುಗರ ಹಾಳೆಯ ಮೇಲೆ ‘ಮಂದ’ ಎಂದು ಬರೆದೆನೋ ಲೆಕ್ಕವಿಲ್ಲ. ಅವನಿಗೆ ಹಲಗೆ ಕಾಣುತ್ತಿತ್ತೋ ಇಲ್ಲವೋ, ಬೆಳಿಗ್ಗೆ ಉಂಡು ಬಂದಿದ್ದನೋ ಇಲ್ಲವೋ, ಯಾವ ತರಗತಿಯಿಂದ ಹಿಂದೆ ಬಿದ್ದ, ಅದಕ್ಕೆ ಮುಂಚೆ ಮನೆಯಲ್ಲಿ ಏನಾಯಿತು ಎಂದು ಕೇಳಿದ್ದು ಬೆರಳೆಣಿಕೆಯಷ್ಟು ಸಲ. ‘ಹುಡುಗ ಮಂದ’ ಎಂದರೂ ಒಂದೇ, ‘ಗಾಡಿ ಹಳೇದಾಗ್ಯಾದ’ ಎಂದರೂ ಒಂದೇ. ಎರಡೂ ಹೇಳಿದವನು ಕೈ ತೊಳೆದುಕೊಂಡ ನೀರು.

ತೂತು ಬಿದ್ದ ಮೇಲೆ ಶಕ್ತಿಮಾನ್ ಇನ್ನೂ ಐದು ಬೇಸಿಗೆ ನೀರು ಹೊಡೆಯಿತು. ಮೊದಲು ಮಾಡಿಸಿದ್ದು ಬ್ರೇಕಿನ ಕೆಲಸ. ಗುಜರಿಗೆ ಹೋದದ್ದು 2021ರಲ್ಲಿ, ಚಾಸಿ ಬಿರುಕು ಬಿಟ್ಟಾಗ. ಬಿರುಕನ್ನು ಕಣ್ಣಾರೆ ನೋಡಿದೆವು, ಬೆರಳು ಹಾಕಿ ಅಳೆದೆವು, ವೆಲ್ಡಿಂಗು ನಿಲ್ಲುವುದಿಲ್ಲವೆಂದು ಕಾಕಾ ಕಾರಣ ಬಿಡಿಸಿ ಹೇಳಿದ ಮೇಲೆ ಕಳಿಸಿದೆವು. ಹಾಗೆ ಹೋಗುವುದರಲ್ಲಿ ನನಗೆ ದುಃಖವಾಯಿತೇ ಹೊರತು ತಕರಾರಿರಲಿಲ್ಲ. ಅದರ ರೋಗಕ್ಕೆ ಒಂದು ಹೆಸರಿತ್ತು.

ಆ ಹುಡುಗ ಈಗ ಸಸ್ತಾಪುರ ಬಂಗ್ಲಾದ ಕಡೆ ಹೈವೇಯ ಒಂದು ಗ್ಯಾರೇಜಿನಲ್ಲಿದ್ದಾನೆ. ಮೂರು ಬೆರ‍ಳಿನಲ್ಲಿ ಪಾನಾ ಹಿಡಿಯುವುದನ್ನು ರೂಢಿ ಮಾಡಿಕೊಂಡಿದ್ದಾನೆ. ಹೋದ ತಿಂಗಳು ಅತ್ತ ಹೋದಾಗ ನಿಂತು ನೋಡಿದೆ. ಯಾವುದೋ ಟಿಪ್ಪರು ಬಂದ್ ಬಿದ್ದು ಬಂದಿತ್ತು, ಮಾಲಕ ಅವಸರದಲ್ಲಿದ್ದ. ‘ಪಂಪು ಬಿಚ್ಚೋ ಲಗೂನ’ ಎಂದು ಕೂಗಾಡುತ್ತಿದ್ದ. ಹುಡುಗ ಪಾನಾ ಕೆಳಗಿಟ್ಟು, ‘ಯಾವಾಗಿಂದ ಹಿಂಗ್ ಮಾಡ್ಲತ್ತದ್ರಿ?’ ಎಂದು ಕೇಳಿದ.

ಮಾಲಕ ಸಿಟ್ಟಿಗೆದ್ದು ಪಕ್ಕದ ಗ್ಯಾರೇಜಿಗೆ ಗಾಡಿ ತಳ್ಳಿಸಿಕೊಂಡು ಹೋದ.